ಅಳತೆಗೊಂದು ಆಳು

ಇಡೀ ಕಟ್ಟಡದಲ್ಲಿ ಫೋನಿಗೆ ಜೀವ ಬರುತ್ತಿದ್ದುದು ಕಟಕಟೆಯೊಳಗೆ ಮಾತ್ರ. ಉಳಿದ ಕಡೆ ಗೋಡೆಗಳು ಎಷ್ಟು ದಪ್ಪವೆಂದರೆ, ಒಳಗಿನ ಮಾತು ಹೊರಗೆ ಹೋಗಬಾರದೆಂದೇ ಕಟ್ಟಿದಂತಿದ್ದವು. ಹೊರಗಿನದು ಒಳಗೆ ಬರುವ ಮಾತಂತೂ ದೂರವೇ ಉಳಿಯಿತು. ಆದ್ದರಿಂದ ಅವನು ಬೆಳಿಗ್ಗೆ ಬಂದ ಕೂಡಲೇ ಫೋನನ್ನು ಕಟಕಟೆಯ ಅಂಚಿನ ಮೇಲಿಟ್ಟು ಕೆಲಸಕ್ಕೆ ತೊಡಗುತ್ತಿದ್ದ. ಅದು ಬಡಿದುಕೊಂಡಾಗ ಹೋಗಿ, ಸೊಂಟದೆತ್ತರದ ಬಾಗಿಲು ತಳ್ಳಿ, ಮೆಟ್ಟಿಲು ಹತ್ತಿ, ಒಳಗೆ ನಿಂತು ‘ಹಲೋ’ ಎನ್ನಬೇಕು. ಇದು ಮೊದಲು ನ್ಯಾಯಾಲಯವಾಗಿತ್ತು. ಇನ್ನು ಮುಂದೆ ಜಾಹೀರಾತು ಕಂಪನಿಯೊಂದರ ಕಚೇರಿ. ನಡುವೆ ಬಹಳ ಕಾಲ ಪಾರಿವಾಳಗಳದ್ದಾಗಿತ್ತು. ಅವುಗಳ ಹಿಕ್ಕೆ ಕೆರೆಯಲು ಹಿಡಿದ ಹೊತ್ತಿನಲ್ಲಿ ಹೊಸದೊಂದು ಮನೆಯನ್ನೇ ಎಬ್ಬಿಸಬಹುದಿತ್ತೆಂದು ಮೇಸ್ತ್ರಿ ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಕಟಕಟೆಗಳು ಎರಡು, ಎದುರುಬದುರು, ಆರೋಪಿಗೊಂದು ಸಾಕ್ಷಿಗೊಂದು. ಪಾಲಿಷ್ ಹೊಡೆಯಲು ಬಿಚ್ಚಿ ಮತ್ತೆ ಜೋಡಿಸುವಾಗ ಯಾವುದು ಯಾರದ್ದೆಂಬುದು ಕಲಸಿಹೋಗಿತ್ತು. ‘ಎರಡೂ ಒಂದೇ ಮರ ಸಾರ್, ಒಂದೇ ಎತ್ತರ,’ ಎಂದಿದ್ದ ಮೇಸ್ತ್ರಿ. ‘ಒಳಗೆ ನಿಂತೋನಿಗೆ ಗೊತ್ತಿದ್ರೆ ಸಾಕು.’

‘ಏನೋ, ಡಬ್ಬಿ ಇಲ್ಲೇ ಬಿಟ್ಟು ಹೋಗಿದ್ದೀಯಲ್ಲ,’ ಎಂದಳು ಅಕ್ಕ ಫೋನಿನಲ್ಲಿ. ‘ಮನುಷ್ಯ ಹೊಟ್ಟೆನಾದ್ರೂ ನೆನಪಿಟ್ಕೋಬೇಕು. ಮಧ್ಯಾಹ್ನ ನಾನೇ ತರ್ತೀನಿ ಬಿಡು. ಹೇಗೂ ಇಡೀ ಆಫೀಸೇ ದಿಬ್ಬಣ ಹೊರಟ ಹಾಗೆ ಹೊರಟಿದೆ, ನಿನ್ನ ಕಟ್ಟಡ ನೋಡೋಕೆ.’

‘ಹ್ಞೂ,’ ಎಂದ.

‘ನನ್ನ ಜಾಗ ತೋರಿಸ್ತೀಯ ತಾನೇ ಇವತ್ತು?’

‘ನೋಡೋಣ.’

‘ನೋಡೋಣ ಅನ್ನೋದು ನಮ್ಮ ದೊರೆ ಮಾತು. ಅವರ ಸಹವಾಸದಲ್ಲಿ ನಿನಗೂ ಅಂಟ್ಕೊಳ್ತಾ? ಕಿಟಕಿ ಪಕ್ಕ ಕಣೋ. ಕಣ್ಣು ಮೊದಲಿನ ಹಾಗಿಲ್ಲ. ಕಾಮಾ ಯಾವುದು, ಕಾಗದದ ಮೇಲೆ ಕೂತ ಸೊಳ್ಳೆ ಯಾವುದು ಅಂತ ಊದಿ ನೋಡ್ಬೇಕು.’

ಅವನು ಬಾಯಿ ತೆರೆದ. ‘ಅಕ್ಕ...’ ಎಂದದ್ದು ಅವನಿಗೇ ಬೇರೆ ಯಾರದೋ ದನಿಯಂತೆ ಕೇಳಿತು. ‘ಬಸ್ಸು ಬಂತು, ಬಂದ್ಮೇಲೆ ಮಾತಾಡೋಣ,’ ಎಂದು ಅವಳು ಇಟ್ಟುಬಿಟ್ಟಳು. ಬಸ್ಸಿನ ಬಗ್ಗೆ ಅವನಿಗೆ ಕೃತಜ್ಞತೆ ಉಕ್ಕಿ ಬಂತು. ಇತ್ತೀಚೆಗೆ ಅವನ ಕೃತಜ್ಞತೆಗಳೆಲ್ಲ ಈ ಜಾತಿಯವೇ: ಸರಿಯಾದ ಹೊತ್ತಿಗೆ ಬಂದ ಬಸ್ಸು, ಉಕ್ಕಿದ ಹಾಲು, ಬಾಗಿಲು ತಟ್ಟಿದ ಪಕ್ಕದ ಮನೆಯವರು. ಅಕ್ಕ ಈ ಕಂಪನಿಯಲ್ಲಿ ಕರಡು ತಿದ್ದುವವಳು. ಸಾಬೂನಿನ ಹೊದಿಕೆಯಿಂದ ಹಿಡಿದು ಬ್ಯಾಂಕಿನ ಭಿತ್ತಿಪತ್ರದವರೆಗೆ ಅಚ್ಚಿಗೆ ಹೋಗುವ ಪ್ರತಿ ಅಕ್ಷರವೂ ಅವಳ ಕನ್ನಡಕದ ಕೆಳಗೆ ಹಾದುಹೋಗಬೇಕು. ಮಾಲೀಕರನ್ನು ಎಲ್ಲರೂ ಬೆನ್ನ ಹಿಂದೆ ದೊರೆ ಎನ್ನುತ್ತಿದ್ದರು. ಅದು ಅವರಿಗೆ ಗೊತ್ತಿತ್ತು, ಇಷ್ಟವೂ ಆಗಿತ್ತು. ಕಂಪನಿ ಈ ಹಳೆಯ ಕಟ್ಟಡ ಹಿಡಿದಾಗ ದೊರೆಯ ಬಳಿಗೆ ಹೋಗಿ, ‘ನನ್ನ ತಮ್ಮ ಒಬ್ಬ ಇದ್ದಾನೆ, ಒಳಾಂಗಣ ಮಾಡ್ತಾನೆ, ಹಳೇ ಕಟ್ಟಡ ಅಂದ್ರೆ ಪ್ರಾಣ ಬಿಡ್ತಾನೆ’ ಎಂದವಳು ಅವಳೇ. ಅವನು ಯಾವ ಕಟ್ಟಡಕ್ಕೂ ಪ್ರಾಣ ಬಿಟ್ಟವನಲ್ಲ. ಆದರೆ ಕೆಲಸವಿಲ್ಲದೆ ಮನೆಯ ಮೂಲೆಯ ಮೇಜಿಗೆ ಕೂತು ತನ್ನದೇ ಮನೆಯ ಅಡುಗೆಕೋಣೆಯನ್ನು ಮತ್ತೆ ಮತ್ತೆ ವಿನ್ಯಾಸ ಮಾಡುತ್ತಿದ್ದ ಕಾಲ ಅದು. ಪ್ರಾಣ ಬಿಡುವುದಕ್ಕೆ ಅಭ್ಯಂತರವಿರಲಿಲ್ಲ.

ದೊರೆ ಅದನ್ನು ಹೇಳಿದ್ದು ನ್ಯಾಯಾಧೀಶರ ಪೀಠದ ಮೇಲೆ ಕೂತು. ಪೀಠವನ್ನು ಕಾಫಿ ಕೌಂಟರ್ ಮಾಡುವುದೆಂದು ಆಗಷ್ಟೇ ತೀರ್ಮಾನವಾಗಿತ್ತು. ದೊರೆ ಕಾಲು ಇಳಿಬಿಟ್ಟುಕೊಂಡು, ಕಟ್ಟೆಯ ಮೇಲೆ ಕೂತ ಮಗುವಿನಂತೆ ಹಿಮ್ಮಡಿಯಿಂದ ಮರವನ್ನು ತಟ್ಟುತ್ತಿದ್ದರು. ‘ಕರಡು ವಿಭಾಗಕ್ಕೆ ಜಾಗ ಹಾಕಬೇಡಿ ಗುರುಗಳೇ,’ ಎಂದರು. ಅವರಿಗೆ ಎಲ್ಲರೂ ಗುರುಗಳೇ, ಲಿಫ್ಟಿನವನೂ. ‘ಇನ್ಮೇಲೆ ಅದಕ್ಕೆಲ್ಲ ಯಂತ್ರ ಬಂತು. ನಿಮ್ಮಕ್ಕ ಅಂತ ನನಗೆ ಗೊತ್ತು. ನಕ್ಷೆ ಬರೆಯೋರು ನೀವು, ನಿಮಗೆ ಹೇಳದೆ ಆಗಲ್ಲ. ಆದ್ರೆ ನೀವು ಹೇಳೋಕೆ ಹೋಗ್ಬೇಡಿ. ಸ್ಥಳಾಂತರ ಮುಗೀಲಿ, ನಾನೇ ಒಂದು ಒಳ್ಳೇ ರೀತೀಲಿ ಹೇಳ್ತೀನಿ.’ ಒಳ್ಳೆಯ ರೀತಿ ಎಂದರೆ ಹೂಗುಚ್ಛ, ಒಂದು ಊಟ, ಹೊಗಳಿಕೆ. ಅವನು ‘ಸರಿ’ ಎಂದಿದ್ದ. ಆಮೇಲೆ ಆ ‘ಸರಿ’ಯನ್ನು ಎಷ್ಟೋ ಸಲ ತಿರುವಿ ನೋಡಿದ್ದಾನೆ, ಅದರಲ್ಲಿ ಒಂದಿಷ್ಟು ತಡವರಿಕೆಯಾದರೂ, ಗಂಟಲಲ್ಲಿ ಸಿಕ್ಕಿಕೊಂಡ ಒಂದು ಚೂರಾದರೂ ಸಿಗುತ್ತದೇನೋ ಎಂದು. ಸಿಗುವುದಿಲ್ಲ. ಅದು ಬೆಣ್ಣೆಯಿಂದ ಕೂದಲೆಳೆದಂತೆ ಬಂದ ‘ಸರಿ’. ಅದರ ಬೆನ್ನಿಗೇ ತಾನು, ‘ಹಾಗಾದ್ರೆ ಆ ಕಿಟಕಿ ಮೂಲೇಲಿ ಗಿಡ ಹಾಕಬಹುದು’ ಎಂದದ್ದೂ ನೆನಪಿದೆ. ‘ಬೆಸ್ಟ್!’ ಎಂದಿದ್ದರು ದೊರೆ, ಪೀಠದಿಂದ ಧುಮುಕಿ.

ಹೇಳಬೇಡಿ ಎಂದದ್ದು ದೊರೆ. ಹೇಳದೆ ಇದ್ದದ್ದು ಅವನು. ಇವೆರಡೂ ಒಂದೇ ಅಲ್ಲ ಎಂಬುದನ್ನು ಅವನ ಹೆಂಡತಿ ಮೊದಲ ದಿನವೇ ಕಂಡುಹಿಡಿದಿದ್ದಳು. ‘ಅತ್ತಿಗೆಗೆ ಹೇಳಿದ್ರಾ?’ ಎಂದು ಪ್ರತಿ ರಾತ್ರಿ ದೀಪ ಆರಿಸುವ ಮುಂಚೆ, ಬಾಗಿಲಿಗೆ ಚಿಲಕ ಹಾಕಿದ್ರಾ ಎಂದು ಕೇಳುವಷ್ಟೇ ಸಲೀಸಾಗಿ ಕೇಳುತ್ತಿದ್ದಳು. ನಾಳೆ ಎನ್ನುತ್ತಿದ್ದ. ಅಕ್ಕ ಮುಂದಿನ ಕೋಣೆಯಲ್ಲಿ ಗೊರಕೆ ಹೊಡೆಯುವುದು ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ಅವಳ ಗೊರಕೆ ಕೂಡ ಅವಳ ಕೆಲಸದಂತೆ, ವಾಕ್ಯ ವಾಕ್ಯವಾಗಿ, ನಡುವೆ ಸರಿಯಾದ ಜಾಗದಲ್ಲಿ ನಿಲುಗಡೆ. ಒಂದು ಸಂಜೆ ಅವಳು ಅಂಗಡಿಯಿಂದ ಬಟ್ಟೆಯ ತುಂಡುಗಳನ್ನು ತಂದು ಅವನ ಮೇಜಿನ ಮೇಲೆ ಹರಡಿದಳು. ಹೊಸ ಕುರ್ಚಿಗೆ ಬೆನ್ನಿಗೊಂದು ದಿಂಬು ಹೊಲಿಸಬೇಕಂತೆ. ಕೆಂಪೋ, ನೀಲಿಯೋ, ಸಾಸಿವೆಯ ಹಳದಿಯೋ? ಆಗ ಹೇಳಬಹುದಿತ್ತು. ಅದಕ್ಕಿಂತ ಒಳ್ಳೆಯ ಬಾಗಿಲು ಅವನಿಗೆ ಯಾರೂ ತೆರೆದಿಟ್ಟಿರಲಿಲ್ಲ. ಅವನು ತುಂಡುಗಳನ್ನು ಒಂದೊಂದಾಗಿ ಎತ್ತಿ ದೀಪಕ್ಕೆ ಹಿಡಿದ, ಕಣ್ಣು ಕಿರಿದು ಮಾಡಿದ, ಆ ಗೋಡೆಯ ಕಲ್ಲು ಬೂದುಬಣ್ಣವೆಂದು ಕಂಡರೂ ಒಳಗೆ ತುಸು ಕಂದು ಇದೆ ಎಂದ, ಸಾಸಿವೆ ಎಂದ. ‘ನೋಡು, ಅದಕ್ಕೇ ಬಲ್ಲವರನ್ನ ಕೇಳ್ಬೇಕು ಅನ್ನೋದು,’ ಎಂದು ಅಕ್ಕ ಅತ್ತಿಗೆ ನಾದಿನಿಯರ ಸಲಿಗೆಯಲ್ಲಿ ಅವನ ಹೆಂಡತಿಗೆ ಹೇಳಿದಳು. ಹೆಂಡತಿ ಪಾತ್ರೆ ತೊಳೆಯುತ್ತಿದ್ದಳು. ಪಾತ್ರೆಯ ಸದ್ದು ಸ್ವಲ್ಪ ಜೋರಾಯಿತು, ಅಷ್ಟೆ.

ಹತ್ತು ಗಂಟೆಯ ಸುಮಾರಿಗೆ ಅಚ್ಚಿನವರ ವ್ಯಾನು ಬಂತು. ದೊರೆಯ ಆಜ್ಞೆಯ ಮೇರೆಗೆ, ಯಾರಿಗೂ ಹೇಳದೆ ಒಂದು ‘ಸರ್‌ಪ್ರೈಸು’. ಹೆಣ ಹೊತ್ತಂತೆ ನಾಲ್ವರು ಹೆಗಲ ಮೇಲೆ ಹೊತ್ತು ತಂದ ಉದ್ದನೆಯ ಸುರುಳಿಯನ್ನು ಮೇಸ್ತ್ರಿಯ ಆಳುಗಳು ಏಣಿ ಹತ್ತಿ ದೊಡ್ಡ ಹಜಾರದ ಗೋಡೆಗೆ ತೂಗುಹಾಕಿ ಬಿಚ್ಚಿಬಿಟ್ಟರು. ಬಟ್ಟೆ ಸರಸರನೆ ಕೆಳಗಿಳಿಯಿತು. ಮೊದಲು ಕಮಾನಿನ ತುದಿ, ಆಮೇಲೆ ಗಾಜು, ಗಾಜಿನಿಂದ ಬಂದ ಬೆಳಕು, ಆಮೇಲೆ ಬೆಳಕಿನ ತಳದಲ್ಲಿ, ತಲೆ ಬಗ್ಗಿಸಿ, ಮೂಗಿನ ತುದಿಗೆ ಜಾರಿದ ಕನ್ನಡಕದಲ್ಲಿ ಏನನ್ನೋ ಓದುತ್ತ, ಅಕ್ಕ.

ಅವನು ನಿಂತಲ್ಲೇ ಕೂತ. ಕೂರುವುದಕ್ಕೆ ಸಿಮೆಂಟಿನ ಚೀಲ ಇತ್ತು.

ಈ ಕಸುಬಿನವರಿಗೆ ಒಂದು ರೂಢಿ ಇದೆ. ಇನ್ನೂ ಇಲ್ಲದ ಕೋಣೆಯ ಚಿತ್ರ ಮಾಡಿದರೆ ಸಾಲದು, ಅದರೊಳಗೆ ಮನುಷ್ಯರನ್ನು ಇಡಬೇಕು. ಇಲ್ಲದಿದ್ದರೆ ಬಾಗಿಲು ಬಾಗಿಲಿನಷ್ಟಿದೆಯೋ ಬೆಂಕಿಪೊಟ್ಟಣದಷ್ಟಿದೆಯೋ ಗೊತ್ತಾಗುವುದಿಲ್ಲ. ಅಳತೆಗೊಂದು ಆಳು. ಅದಕ್ಕೆಂದೇ ಕತ್ತರಿಸಿಟ್ಟ ಜನ ಸಿಗುತ್ತಾರೆ, ಉದ್ದ ಕಾಲಿನವರು, ಕೈಯಲ್ಲಿ ಕಾಫಿ ಲೋಟ ಹಿಡಿದವರು, ಯಾತಕ್ಕೆಂದು ತಿಳಿಯದೆ ನಗುವವರು. ಕೆಂಪು ಶಾಲಿನ ಒಬ್ಬ ಹುಡುಗಿಯನ್ನು ಅವನು ಬ್ಯಾಂಕಿನಲ್ಲಿ ನಿಲ್ಲಿಸಿದ್ದ, ಆಸ್ಪತ್ರೆಯಲ್ಲಿ ನಿಲ್ಲಿಸಿದ್ದ, ಒಮ್ಮೆ ಶವಾಗಾರದ ಹೊರಗಿನ ಕೋಣೆಯಲ್ಲೂ. ಅಲ್ಲೂ ಅವಳು ನಗುತ್ತಲೇ ಇದ್ದಳು. ಈ ಕಿಟಕಿಯ ಚಿತ್ರ ಮಾಡುವಾಗ ಆ ಜನರ ಮುಖ ನೋಡಿ ಅವನಿಗೆ ಸುಸ್ತಾಯಿತು. ಮನೆಯ ಜಗುಲಿಯಲ್ಲಿ ಪತ್ರಿಕೆ ಓದುತ್ತ ಕೂತ ಅಕ್ಕನ ಫೋಟೋ ಒಂದಿತ್ತು. ಸುತ್ತಲಿನ ಜಗುಲಿಯನ್ನು ಕತ್ತರಿಸಿ ತೆಗೆದು, ಅವಳನ್ನು ಮಾತ್ರ ತಂದು ಕಿಟಕಿಯ ಕೆಳಗೆ, ಇಲ್ಲದ ಮೇಜಿನ ಮುಂದೆ ಕೂರಿಸಿದ. ಬೆಳಕು ಅವಳ ಮೇಲೆ ಬಿದ್ದ ಕ್ಷಣ ಇಡೀ ಕೋಣೆಗೆ ಉಸಿರು ಬಂತು. ಒಂದು ಸಲವಾದರೂ ಕೂತುಕೊಳ್ಳಲಿ ಎನಿಸಿತೋ, ಅಥವಾ ಚಿತ್ರ ಚೆನ್ನಾಗಿ ಬಂತಲ್ಲ ಎಂದಷ್ಟೇ ಎನಿಸಿತೋ, ಅವನಿಗೆ ತಿಳಿಯದು. ಎರಡಕ್ಕೂ ಒಂದೇ ತೆರನ ಸುಖವಾಗುತ್ತದೆ. ಕಿಟಕಿ ಇನ್ನಷ್ಟು ಭವ್ಯವಾಗಿ ಕಾಣಲೆಂದು ಅವಳನ್ನು ತುಸು ಕುಗ್ಗಿಸಿದ. ಅದೂ ರೂಢಿಯೇ. ಆಳನ್ನು ಸ್ವಲ್ಪ ಚಿಕ್ಕದು ಮಾಡಿದರೆ ಕಟ್ಟಡ ತಾನಾಗಿ ದೊಡ್ಡದಾಗುತ್ತದೆ, ಖರ್ಚಿಲ್ಲದ ವಿದ್ಯೆ. ದೊರೆಗೆ ಕಳಿಸುವ ಮುಂಚೆ ಅಳಿಸಬೇಕೆಂದಿದ್ದ, ಅಳಿಸಿದ ಕೂಡ. ಅಳಿಸಿದೊಡನೆ ಕಿಟಕಿ ಗೋಡೆಯಲ್ಲಿನ ತೂತಾಯಿತು. ಮತ್ತೆ ತಂದಿಟ್ಟ. ಕಾಗದದ ಮೇಲೆ ಉಗುರಿನಷ್ಟು ಗಾತ್ರ, ಯಾರಿಗೆ ಗುರುತು ಹತ್ತೀತು ಎಂದುಕೊಂಡ. ಆಯುಷ್ಯವಿಡೀ ಅಳತೆಯಲ್ಲೇ ಅನ್ನ ತಿಂದವನು, ಚಿತ್ರವನ್ನು ಗೋಡೆಯಷ್ಟಕ್ಕೆ ಹಿಗ್ಗಿಸಿದರೆ ಉಗುರು ಮೊರವಾಗುತ್ತದೆಂಬುದನ್ನು ಯೋಚಿಸಿರಲಿಲ್ಲ.

‘ಯಾರು ಸಾರ್ ಈಯಮ್ಮ?’ ಎಂದು ಮೇಸ್ತ್ರಿ ಸೊಂಟದ ಮೇಲೆ ಕೈಯಿಟ್ಟು ನೋಡಿದ. ‘ನಮ್ಮ ಬಿಲ್ಲೇ ಓದ್ತಿರೋ ಹಾಗಿದೆಯಲ್ಲ!’

‘ಆ ಏಣಿ ಇದರ ಮುಂದೆ ಇಡು.’

‘ಯಾಕೆ?’

‘ಇಡು ಅಂದ್ನಲ್ಲ.’

ಏಣಿ ಮುಚ್ಚಿದ್ದು ಒಂದು ಕಿವಿಯನ್ನು. ಬಣ್ಣದ ಡಬ್ಬಗಳನ್ನು ಪೇರಿಸಿದ, ಮೊಣಕೈವರೆಗೆ ಬಂತು. ಒಂದು ಟಾರ್ಪಾಲನ್ನು ಎಳೆದು ಏಣಿಗೆ ಸಿಕ್ಕಿಸಿ ಹಿಂದೆ ಸರಿದು ನೋಡಿದ: ಈಗ ಅಕ್ಕ ಯಾವುದೋ ಗುಡಾರದಿಂದ ಇಣುಕುತ್ತಿರುವಂತೆ ಕಂಡಳು. ಅವನು ಸ್ನಾನದ ಕೋಣೆಯ ನಲ್ಲಿ ನೋಡಿ ಬರುವಷ್ಟರಲ್ಲಿ ಮೇಸ್ತ್ರಿ, ಮಧ್ಯಾಹ್ನ ದೊಡ್ಡವರು ಬರುತ್ತಾರೆಂದು, ಎಲ್ಲವನ್ನೂ ತೆಗೆಸಿ ನೆಲ ಗುಡಿಸಿ, ಚಿತ್ರದ ಮುಂದೆ ಚೊಕ್ಕಟವಾಗಿ ನೀರು ಚಿಮುಕಿಸಿದ್ದ. ಒಳ್ಳೆಯ ಕೆಲಸಗಾರನ ಜೊತೆ ಇದೇ ಕಷ್ಟ. ಅದನ್ನು ಇಳಿಸಿಬಿಡಿ ಎಂದು ಹೇಳಬಹುದಿತ್ತು. ಕಾರಣ ಏನೆನ್ನುವುದು? ಕಟಕಟೆಗೆ ಹೋಗಿ ಅಕ್ಕನ ನಂಬರು ಒತ್ತಿದ, ಅವಳು ತೆಗೆಯಲಿಲ್ಲ, ಅವಳು ಕೆಲಸದ ಹೊತ್ತಿನಲ್ಲಿ ಫೋನು ತೆಗೆಯುವುದಿಲ್ಲವೆಂದು ಅವನಿಗೆ ಗೊತ್ತೇ ಇತ್ತು, ಗೊತ್ತಿದ್ದರಿಂದಲೇ ಒತ್ತಿದ್ದು.

ಅವರು ಬಂದದ್ದು ಶಾಲೆಯ ಮಕ್ಕಳು ಪ್ರವಾಸ ಬಂದಂತೆ. ಒಬ್ಬ ಪೀಠ ಹತ್ತಿ ‘ಆರ್ಡರ್, ಆರ್ಡರ್’ ಎಂದ; ಇನ್ನೊಬ್ಬಳು ಕಟಕಟೆಯಲ್ಲಿ ನಿಂತು ಕೈಯೆತ್ತಿ ಫೋಟೋ ತೆಗೆಸಿಕೊಂಡಳು. ದೊರೆ ಎಲ್ಲರ ಹಿಂದೆ, ಎಲ್ಲರಿಗಿಂತ ಹೊಸ ಬೂಟಿನಲ್ಲಿ. ಅಕ್ಕ ಬಂದದ್ದು ಕೊನೆಗೆ, ಒಂದು ಕೈಯಲ್ಲಿ ಅವನ ಡಬ್ಬಿ, ಇನ್ನೊಂದರಲ್ಲಿ ಉಬ್ಬಿದ ಬಟ್ಟೆಯ ಚೀಲ. ಹೊಸಿಲು ದಾಟುವ ಮೊದಲು ಚಪ್ಪಲಿಯ ಮಣ್ಣನ್ನು ಕಲ್ಲಿಗೆ ಉಜ್ಜಿದಳು. ಅಷ್ಟರಲ್ಲಿ ಹಜಾರದಿಂದ ಕೂಗು ಎದ್ದಿತು.

‘ಅಯ್ಯೋ ಅಕ್ಕಾ! ಬನ್ನಿ ಇಲ್ಲಿ, ನೀವೇ!’

‘ತಮ್ಮ ಅಂದ್ರೆ ಹೀಗಿರ್ಬೇಕಪ್ಪ. ನಮಗೂ ಇದ್ದಾರೆ, ಹಬ್ಬಕ್ಕೊಂದು ಮೆಸೇಜು ಹಾಕಲ್ಲ.’

‘ಇಡೀ ಕಟ್ಟಡದಲ್ಲಿ ಇರೋದೊಂದೇ ಒಳ್ಳೇ ಕಿಟಕಿ, ಅದನ್ನ ಹೊಡ್ಕೊಂಡ್ಬಿಟ್ರಾ? ಇದು ಅನ್ಯಾಯ. ಮೇಲ್ಮನವಿ ಹಾಕ್ತೀವಿ!’

ಅಕ್ಕ ಗೋಡೆಯ ಮುಂದೆ ಬಂದು ನಿಂತಳು. ತನಗಿಂತ ದೊಡ್ಡದಾದ ತನ್ನನ್ನು ನೋಡಿದಳು. ಡಬ್ಬಿಯನ್ನು ಆ ಕೈಯಿಂದ ಈ ಕೈಗೆ ಬದಲಿಸಿದಳು. ಅವಳ ಮುಖ ಕೆಂಪಾದದ್ದನ್ನು ಅವನು ಹಿಂದೆಂದೂ ನೋಡಿರಲಿಲ್ಲ, ಅಥವಾ ನೋಡಿದ್ದು ಮರೆತಿದ್ದ. ‘ನಾನೇನು ಕೇಳಿರ್ಲಿಲ್ಲಪ್ಪ,’ ಎಂದಳು ಎಲ್ಲರಿಗೂ ಕೇಳುವಂತೆ, ‘ಕಣ್ಣಿಗೆ ಬೆಳಕು ಬೇಕು ಅಂದಿದ್ದೆ ಅಷ್ಟೆ.’ ಆಮೇಲೆ ಅವನತ್ತ ತಿರುಗಿ, ಹಲ್ಲು ಕಚ್ಚಿ, ಪ್ರೀತಿಯಿಂದ: ‘ಮನೆ ಸೀರೇಲಿ ಕೂರಿಸಿದ್ದೀಯಲ್ಲೋ ಮುಠ್ಠಾಳ. ಹೇಳಿದ್ರೆ ಬೇರೆ ಉಟ್ಕೊಳ್ತಿರ್ಲಿಲ್ವಾ?’

ದೊರೆ ಅವನ ಪಕ್ಕಕ್ಕೆ ಬಂದು ನಿಂತರು. ಗೋಡೆಯನ್ನೇ ನೋಡುತ್ತ, ತುಟಿ ಅಲ್ಲಾಡಿಸದೆ, ‘ಇದೇನು ಗುರುಗಳೇ?’ ಎಂದರು. ಅವನು, ಅಳತೆಗೆ, ತೆಗೆಯಬೇಕೆಂದಿದ್ದೆ, ಎಂದು ಏನೋ ತೊದಲಿದ. ದೊರೆ ಜನ ನಗುತ್ತಿದ್ದುದನ್ನು ನೋಡಿದರು. ಅವರ ಕಣ್ಣಿನಲ್ಲಿ ಜಾಹೀರಾತೊಂದು ಹುಟ್ಟುವುದನ್ನು ಅವನು ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು. ‘ಇರ್ಲಿ ಬಿಡಿ,’ ಎಂದರು, ‘ಚೆನ್ನಾಗೇ ಇದೆ. ಒಳ್ಳೇದೇ ಆಯ್ತು.’ ಕೈ ತಟ್ಟಿ ಎಲ್ಲರನ್ನೂ ಸೇರಿಸಿದರು. ಹಳೆಯದನ್ನು ಬಿಟ್ಟುಕೊಡದ ಕಂಪನಿ ನಮ್ಮದು ಎಂದರು. ಕಲ್ಲಿಗೆ ನೆನಪಿದೆ ಎಂದರು. ಅನುಭವ ಅನ್ನೋದು ಬೆಳಕಿನ ಪಕ್ಕ ಕೂತಿರಬೇಕು, ಅದಕ್ಕೇ ನೋಡಿ, ಎಂದು ಗೋಡೆಯ ಕಡೆ ಕೈ ಚಾಚಿದರು. ಚಪ್ಪಾಳೆಯಾಯಿತು. ಫೋಟೋಗ್ರಾಫರನಿಗೆ ಹೇಳಿಯಾಯಿತು: ಅಕ್ಕ ಚಿತ್ರದಲ್ಲಿರುವ ಹಾಗೇ ನಿಜವಾದ ಕಿಟಕಿಯ ಕೆಳಗೂ ಕೂರಬೇಕು, ಎರಡನ್ನೂ ಪಕ್ಕಪಕ್ಕ ಹಾಕಬೇಕು, ಕಂಪನಿಯ ಪರಿಚಯದ ಕೈಪಿಡಿಯ ಮೊದಲ ಪುಟದಲ್ಲಿ. ಮನುಷ್ಯನಿಗೆ ಜಾಗವಿಲ್ಲ, ಫೋಟೋಕ್ಕಿದೆ. ಅವನಿಗೆ ನಗು ಬಂದಂತಾಯಿತು. ಹಸಿವೂ ಇರಬಹುದು, ಡಬ್ಬಿ ಇನ್ನೂ ಅಕ್ಕನ ಕೈಯಲ್ಲೇ ಇತ್ತು.

ಬೇರೆಯವರೆಲ್ಲ ಚಿತ್ರ ನೋಡಿ ಕಾಫಿಯ ಕಡೆ ಸರಿದರು. ಅಕ್ಕ ಸರಿಯಲಿಲ್ಲ. ಚಿತ್ರದ ಪಕ್ಕದಲ್ಲಿ ನಕ್ಷೆಯನ್ನೂ ಅಂಟಿಸಿದ್ದರು. ಮೇಲಿನಿಂದ ನೋಡಿದಂತೆ, ಗೆರೆಗಳಲ್ಲಿ, ಪ್ರತಿ ಮೇಜೂ ಒಂದು ಚೌಕ, ಚೌಕದ ಪಕ್ಕ ವಿಭಾಗದ ಹೆಸರು. ಅದನ್ನು ಯಾರೂ ನೋಡುವುದಿಲ್ಲ. ಅಕ್ಕ ಚಿತ್ರ ನೋಡಿದಳು, ನಕ್ಷೆ ನೋಡಿದಳು, ಮತ್ತೆ ಚಿತ್ರ. ಮೂಲಪ್ರತಿಯನ್ನೂ ಅಚ್ಚನ್ನೂ ಪಕ್ಕದಲ್ಲಿಟ್ಟು ನೋಡುವ ಅವಳ ಹಳೆಯ ಚಾಳಿ, ಹೋಟೆಲಿನ ತಿಂಡಿಪಟ್ಟಿಯನ್ನೂ ಬಿಲ್ಲನ್ನೂ ಹಾಗೇ ನೋಡುವವಳು. ಅವನು ಹಜಾರದ ಈ ತುದಿಯಿಂದ ಅವಳ ಬೆನ್ನನ್ನೇ ನೋಡುತ್ತಿದ್ದ. ಈಗ ತಿಳಿಯುತ್ತದೆ, ಎಂದುಕೊಂಡ, ತಾನಾಗಿ ತಿಳಿದುಬಿಡಲಿ, ಅವಳು ತಿರುಗಿದಾಗ ಹೇಳುವುದೇನೂ ಉಳಿದಿರದಿರಲಿ. ಅವಳ ಬೆನ್ನು ಅಲುಗದೆ ನಿಂತಿತು. ತಲೆ ಒಂದಿಷ್ಟು ವಾಲಿತು. ಆಮೇಲೆ ಅವಳು ತುರುಬಿನಿಂದ ಪೆನ್ಸಿಲು ತೆಗೆದಳು.

‘ಲೋ, ಬಾ ಇಲ್ಲಿ,’ ಎಂದಳು. ‘ನಿನ್ನ ನಕ್ಷೇಲಿ ತಪ್ಪಿದೆ. ಚಿತ್ರದಲ್ಲಿ ಮೇಜಿದೆ, ಇಲ್ಲಿ ನೋಡು, ಬರೀ ಗಿಡ. ನಮ್ಮ ವಿಭಾಗದ ಹೆಸರೇ ಇಲ್ಲ. ಬಿಟ್ಟೇ ಹೋಗಿದೆ!’ ಅವಳ ದನಿಯಲ್ಲಿ ಗಾಬರಿಯಿರಲಿಲ್ಲ. ಇದ್ದದ್ದು ತಪ್ಪು ಹಿಡಿದಾಗಿನ ಸಣ್ಣ ಜಂಬ. ಚಿತ್ರ ಸರಿ, ನಕ್ಷೆ ತಪ್ಪು. ಇಡೀ ಜನ್ಮ ಮೂಲದಲ್ಲಿದ್ದದ್ದು ಅಚ್ಚಿನಲ್ಲಿ ಬಿಟ್ಟುಹೋಗುವುದನ್ನೇ ಕಂಡವಳಿಗೆ ಬೇರೆ ಹೇಗೆ ಕಾಣಬೇಕು? ಅವನು ಹತ್ತಿರ ಬರುವಷ್ಟರಲ್ಲಿ ಅವಳು ಗಿಡದ ಪಕ್ಕ, ಬಿಟ್ಟುಹೋದ ಪದವನ್ನು ಸೇರಿಸಲು ಹಾಕುವ ಗುರುತನ್ನು ಹಾಕಿಯಾಗಿತ್ತು, ಪುಟ್ಟ ಸೂರಿನಂಥ ಗುರುತು, ಅದರಿಂದ ಅಂಚಿಗೊಂದು ಗೆರೆ, ಅಂಚಿನಲ್ಲಿ ಅವಳ ದುಂಡು ಅಕ್ಷರದಲ್ಲಿ ‘ಮೇಜು’. ‘ಅಚ್ಚಿಗೆ ಹೋಗೋ ಮೊದಲು ನನಗೊಂದು ಸಲ ತೋರಿಸ್ಬಾರದಾ?’

‘ಅಕ್ಕ, ಸ್ವಲ್ಪ ಬಾ,’ ಎಂದ.

‘ಎಲ್ಲಿಗೆ?’

ಮಾತಾಡುವುದಕ್ಕೆ ಜಾಗವೆಲ್ಲಿದೆ ಎಂದು ಅವನು ಸುತ್ತ ನೋಡಿದ. ಇಷ್ಟು ಜನಕ್ಕೆ ಮಾತಾಡಲು, ಮಾತಾಡದಿರಲು, ಒಬ್ಬರೇ ಕೂರಲು, ಹಗಲಲ್ಲಿ ಮಲಗಲು ಕೂಡ ಅವನು ಜಾಗ ಬರೆದಿದ್ದ. ಯಾವುದಕ್ಕೂ ಇನ್ನೂ ಗೋಡೆ ಬಂದಿರಲಿಲ್ಲ. ಕಟಕಟೆ ಮಾತ್ರ ಮುಗಿದಿತ್ತು. ಅದರ ಬಾಗಿಲು ತೆರೆದು ಹಿಡಿದ. ಅಕ್ಕ ಡಬ್ಬಿ, ಚೀಲ ಸಮೇತ ಒಳಗೆ ಹತ್ತಿದಳು. ಒಬ್ಬರಿಗೆಂದು ಮಾಡಿದ ಜಾಗದಲ್ಲಿ ಇಬ್ಬರು ನಿಂತರು. ಚೀಲ ಇಬ್ಬರ ನಡುವೆ ಸಿಕ್ಕಿಕೊಂಡಿತು, ಮೆತ್ತಗೆ. ಒಳಗೇನಿದೆಯೆಂದು ಅವನಿಗೆ ಆಗ ತಿಳಿಯಿತು.

‘ನಕ್ಷೆ ಸರಿಯಾಗಿದೆ,’ ಎಂದ. ‘ಚಿತ್ರ ತಪ್ಪು.’

ಅಕ್ಕ ಕನ್ನಡಕವನ್ನು ಮೇಲೇರಿಸಿ ಅವನನ್ನು ನೋಡಿದಳು. ಕಾಫಿಯ ಬಳಿ ಯಾರೋ ನಕ್ಕರು.

‘ಕರಡಿಗೆ ಯಂತ್ರ ತರ್ತಾರಂತೆ. ವಿಭಾಗ ಇರಲ್ಲ. ಸ್ಥಳಾಂತರ ಆದ್ಮೇಲೆ ದೊರೆ ತಾವೇ ಹೇಳ್ತೀನಿ ಅಂದಿದ್ರು.’

‘ಸ್ಥಳಾಂತರ ಆದ್ಮೇಲೆ,’ ಎಂದಳು ಅಕ್ಕ. ‘ಅಂದ್ರೆ ಪೆಟ್ಟಿಗೆಗಳನ್ನೆಲ್ಲ ನಾನೇ ಕಟ್ಟಿಕೊಟ್ಟ ಮೇಲೆ.’ ಅದನ್ನು ತಿದ್ದಿದಂತೆ ಹೇಳಿದಳು, ಅಷ್ಟೆ. ಆಮೇಲೆ ಗೋಡೆಯ ಕಡೆ ನೋಡಿದಳು. ‘ಹಾಗಾದ್ರೆ ಅಲ್ಲಿ ಕೂತಿರೋಳು ಯಾರೋ?’

‘ಅಳತೆಗೆ... ಕಿಟಕಿ ಎಷ್ಟು ಎತ್ತರ ಇದೆ ಅಂತ ಗೊತ್ತಾಗೋಕೆ ಯಾರನ್ನಾದ್ರೂ ಇಡ್ಬೇಕು.’

‘ಎಷ್ಟು ಬಂತು?’

‘ಏನು?’

‘ಎತ್ತರ ಕಣೋ.’

‘ನಿನ್ನಂಥೋರು ನಾಲ್ಕು.’

ಅಕ್ಕ ತಲೆಯೆತ್ತಿ ನಿಜವಾದ ಕಿಟಕಿಯನ್ನು ಬುಡದಿಂದ ಕಮಾನಿನವರೆಗೆ ನಿಧಾನವಾಗಿ ಓದಿದಳು. ‘ನಾಲ್ಕಿಲ್ಲ,’ ಎಂದಳು. ‘ಮೂರಿದ್ದೀತು.’

‘ನಿನ್ನನ್ನ ಸ್ವಲ್ಪ ಚಿಕ್ಕದು ಮಾಡಿದ್ದೆ. ಎಲ್ಲರೂ ಮಾಡ್ತಾರೆ.’

ಹೇಳಿದ ಮೇಲೆ, ಇದನ್ನು ಹೇಳಬೇಕಾಗಿರಲಿಲ್ಲ ಎನಿಸಿತು. ಹೇಳಬೇಕಾದ್ದನ್ನು ಇಷ್ಟು ದಿನ ಹೇಳದವನು ಈಗ ಬಾಯಿ ತೆರೆದರೆ ಬೇಡದ್ದೆಲ್ಲ ಉದುರುತ್ತಿತ್ತು. ಅಕ್ಕ ಅಳಲಿಲ್ಲ, ಅಳುತ್ತಾಳೆಂದು ಅವನು ಕರ್ಚೀಫನ್ನು ಜೇಬಿನಲ್ಲೇ ಹಿಡಿದುಕೊಂಡಿದ್ದ. ಅವಳು ಕಟಕಟೆಯ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿ, ಪಾಲಿಷ್ ಅಂಟಿತೇ ಎಂದು ಬೆರಳು ನೋಡಿಕೊಂಡಳು.

‘ದಿಂಬಿನ ಬಣ್ಣ ಕೇಳ್ದಾಗ ನಿನಗೆ ಗೊತ್ತಿತ್ತಾ?’

‘ಗೊತ್ತಿತ್ತು.’

‘ಗೊತ್ತಿದ್ದೂ ಸಾಸಿವೆ ಅಂದೆ.’

‘ಈ ಕಲ್ಲಿಗೆ ಅದೇ ಹೊಂದೋದು,’ ಎಂದ ಅವನು.

ಅಕ್ಕ ಅವನ ಮುಖವನ್ನು ಬಹಳ ಹೊತ್ತು ನೋಡಿದಳು, ಎಲ್ಲ ಅಕ್ಷರಗಳೂ ಸರಿಯಿದ್ದು ಅರ್ಥವೇ ಆಗದ ಒಂದು ವಾಕ್ಯವನ್ನು ನೋಡುವಂತೆ. ಆಮೇಲೆ ಡಬ್ಬಿಯನ್ನು ಅವನ ಕೈಗೆ ಕೊಟ್ಟಳು. ‘ತಿನ್ನು, ಆರಿಹೋಗತ್ತೆ,’ ಎಂದಳು.

‘ಅಕ್ಕಾ, ಎಲ್ಲಿದ್ದೀರಿ? ಫೋಟೋ!’ ಎಂದು ದೊರೆಯೇ ಕೂಗಿದರು. ಅವಳು ಹೋಗುವುದಿಲ್ಲ ಎಂದುಕೊಂಡ. ಅವಳು ಬಾಗಿಲು ತಳ್ಳಿ ಇಳಿದು, ಸೀರೆಯ ನೆರಿಗೆ ಸರಿಮಾಡಿಕೊಂಡು, ಹಜಾರವನ್ನು ಅಡ್ಡ ದಾಟಿ ಕಿಟಕಿಯ ಬಳಿಗೆ ಹೋದಳು. ಅವನು ಡಬ್ಬಿ ಹಿಡಿದು ಕಟಕಟೆಯಲ್ಲೇ ಉಳಿದ. ಕಿಟಕಿಯ ಕೆಳಗೆ ಕುರ್ಚಿ ಇರಲಿಲ್ಲ. ಮೇಸ್ತ್ರಿ ಖಾಲಿ ಬಣ್ಣದ ಡಬ್ಬವೊಂದನ್ನು ಮಗುಚಿ ಹಾಕಿ ಅಂಗೈಯಿಂದ ಧೂಳು ಒರೆಸಿದ. ಅಕ್ಕ ಚೀಲದಿಂದ ದಿಂಬು ತೆಗೆದು, ಅದರ ಮೂಲೆಗಳನ್ನು ಎಳೆದು ಸರಿಮಾಡಿ, ಡಬ್ಬದ ಮೇಲಿಟ್ಟು ಕೂತಳು. ಯಾರೋ ಕೈಗೊಂದು ಕಾಗದ ಕೊಟ್ಟರು, ಓದುವಂತೆ ಕಾಣಲೆಂದು. ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು ನೇರ ಕ್ಯಾಮರಾವನ್ನೇ ನೋಡಿದಳು.

ಫೋಟೋಗ್ರಾಫರ್ ಗೋಡೆಯ ಚಿತ್ರ ನೋಡಿದ, ಅವಳನ್ನು ನೋಡಿದ, ಹಿಂದೆ ಸರಿದ, ಮುಂದೆ ಬಂದ. ಚಿತ್ರದಲ್ಲಿ ಅವಳ ತಲೆ ಕಿಟಕಿಯ ಕಟ್ಟೆಗಿಂತ ಕೆಳಗಿತ್ತು. ಇಲ್ಲಿ ತಲೆ ಕಟ್ಟೆಯನ್ನು ದಾಟಿ, ಗಾಜಿನೊಳಕ್ಕೆ, ಬೆಳಕಿನ ನಡುವಿಗೆ ಬಂದಿತ್ತು.

‘ಸ್ವಲ್ಪ ಬಗ್ಗಿ ಅಮ್ಮಾ,’ ಎಂದ. ‘ಚಿತ್ರದ ಹಾಗೆ ಬರ್ತಿಲ್ಲ.’

ಅಕ್ಕ ಅಲುಗಲಿಲ್ಲ.

‘ಕುಗ್ಗಿ ಕೂತ್ಕೊಳ್ಳಿ ಅಕ್ಕ, ಒಂದೇ ನಿಮಿಷ,’ ಎಂದರು ದೊರೆ, ನಗುತ್ತ.

‘ನಾನಿರೋದೇ ಇಷ್ಟು,’ ಎಂದಳು ಅಕ್ಕ.

ನಗು ಎದ್ದಿತು, ಅರ್ಧದಲ್ಲೇ ಎಲ್ಲೋ ನಿಂತಿತು. ಫೋಟೋಗ್ರಾಫರ್ ಕೈ ಚೆಲ್ಲಿ ಕಟಕಟೆಯ ಕಡೆ ತಿರುಗಿದ. ‘ಸಾರ್, ನೀವಾದ್ರೂ ಹೇಳಿ. ಅಳತೆ ನಿಮ್ಮದಲ್ವಾ?’ ಎಲ್ಲರೂ ತಿರುಗಿ ನೋಡಿದರು. ಅಕ್ಕ ಮಾತ್ರ ನೋಡಲಿಲ್ಲ. ಅವನ ಎದುರು, ಕಟಕಟೆಯ ಅಂಚಿನ ಮೇಲೆ, ಫೋನು ಬೆಳಗಿತು, ಮನೆಯಿಂದ. ಹೆಂಡತಿ ಏನು ಕೇಳಲು ಮಾಡಿದ್ದಾಳೆಂದು ಗೊತ್ತಿತ್ತು. ಹೇಳಿದೆ, ಎನ್ನಬಹುದು ಈ ಸಲ. ಅವನು ಫೋನನ್ನು ಬಡಿದುಕೊಳ್ಳಲು ಬಿಟ್ಟ. ಬೆನ್ನು ನೆಟ್ಟಗೆ ಮಾಡಿ ಕೂತ ಅಕ್ಕನನ್ನು, ಅವಳ ಕೆಳಗೆ ಅದುಮಿ ಉಬ್ಬಿದ ಬಟ್ಟೆಯನ್ನು, ಅದರ ಹಿಂದಿನ ಗೋಡೆಯನ್ನು, ಬೇಡವೆಂದರೂ ಕಣ್ಣು ಕಿರಿದು ಮಾಡಿ ನೋಡುತ್ತ ನಿಂತ. ಸಾಸಿವೆ ಆ ಕಲ್ಲಿಗೆ ನಿಜಕ್ಕೂ ಹೊಂದುತ್ತಿತ್ತು.